ಕರೆಪ್ಪಜ್ಜನ ಬಿಲ್ಲೆ

ನನ್ನ ಆಯಿಗಿಂತ ಆಯಿಯ ಅಪ್ಪ ಅರವತ್ತು ವರ್ಷ ಚಿಕ್ಕವನು. ಲೆಕ್ಕ ತಪ್ಪಿಲ್ಲ. ಆಯಿ, ಅಂದರೆ ನಮ್ಮಪ್ಪನ ತಾಯಿ ಭರಮವ್ವ, ಎಂಬತ್ತು ದಾಟಿದವಳು. ಅವಳ ಅಪ್ಪ ಕರೆಪ್ಪ ಎರಡನೆಯ ಮಹಾಯುದ್ಧಕ್ಕೆ ಹೋಗಿ ಇಟಲಿಯಲ್ಲಿ ಸತ್ತಾಗ ಅವನಿಗೆ ಇಪ್ಪತ್ತೋ ಇಪ್ಪತ್ತೊಂದೋ. ಅಲ್ಲಿಂದ ಮುಂದೆ ಅವನಿಗೆ ವಯಸ್ಸಾಗಲಿಲ್ಲ, ಮಗಳಿಗೆ ಆಗುತ್ತಲೇ ಹೋಯಿತು. ಮಧ್ಯಾಹ್ನ ಉಂಡು ಗೋಡೆಗೊರಗಿ ಕಣ್ಣು ಮುಚ್ಚಿದಾಗ ಅವಳ ಕನಸಿಗೆ ಬರುತ್ತಿದ್ದವನು ಮೀಸೆ ಸರಿಯಾಗಿ ಮೂಡದ ಒಬ್ಬ ಹುಡುಗ. ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ನಮ್ಮೂರ ದಿಬ್ಬದ ಮೇಲೆ ಕುರಿಗಳ ನಡುವೆ ಕೂತಿರುತ್ತಿದ್ದನಂತೆ. ಮಾತಿಲ್ಲ. ಸಿಳ್ಳೆ ಹಾಕುತ್ತಿದ್ದ. ಕುರಿಗಳು ಮೇಯುವುದು ಬಿಟ್ಟು ಅವನನ್ನೇ ನೋಡುತ್ತಿದ್ದವು.

"ಕನ್ನಡಾನೂ ಮಾತಾಡಂಗಿಲ್ಲ, ಮರಾಠೀನೂ ಮಾತಾಡಂಗಿಲ್ಲ. ಪಲ್ಟನ್ ಸೇರಿ ಎಲ್ಲಾ ಮರತಾನ ನೋಡು," ಎನ್ನುತ್ತಿದ್ದಳು ಆಯಿ. ಅಪ್ಪನ ಬಗ್ಗೆ ಮಾತಾಡುವಾಗ ಅವಳ ದನಿಯಲ್ಲಿ ಇರುತ್ತಿದ್ದದ್ದು, ಹೇಳಿದ ಹೊತ್ತಿಗೆ ಮನೆಗೆ ಬಾರದ ಮಗನ ಮೇಲಿನ ಸಿಟ್ಟು.

ನಮ್ಮೂರು ಖಾನಾಪುರ ತಾಲೂಕಿನಲ್ಲಿ, ಹಲಸಿಯಿಂದ ಇನ್ನೂ ಮುಂದೆ, ಕಾಡಿನ ಅಂಚಿಗೆ. ಕುರಿ ಕಾಯ್ದು ಬದುಕಿದ ಮನೆತನ ನಮ್ಮದು. ಈಗ ಉಳಿದಿರುವ ನಾಲ್ಕು ಕುರಿಗಳನ್ನು ಬಾಳಾಸಾಹೇಬ ದೊಡ್ಡಪ್ಪ ನೋಡಿಕೊಳ್ಳುತ್ತಾನೆ. ಆಯಿ ಇರುವುದೂ ಅವನ ಸಂಸಾರದ ಜೊತೆಗೇ. ಆ ಮನೆಯ ಒಳಕೋಣೆಯಲ್ಲಿ ದೇವರ ಜಗಲಿ ಇದೆ. ಮೇಲೆ ಬೀರದೇವರು, ಲಕ್ಕವ್ವ, ಅವರ ಬಾಜೂಕ್ಕೆ ಸತ್ತ ಹಿರಿಯರ ಒಂದೊಂದು ಬೆಳ್ಳಿಯ ಟಾಕ. ಹೆಬ್ಬೆರಳಗಲದ ತಗಡಿನ ಮೇಲೆ ಕಣ್ಣು ಮೂಗು ಇರುವ ಪುಟ್ಟ ಗೊಂಬೆ, ಅಷ್ಟೇ. ಕರೆಪ್ಪಜ್ಜನಿಗೆ ಮಾತ್ರ ಟಾಕ ಇರಲಿಲ್ಲ. ಅವನಿಗೆ ಇದ್ದದ್ದು ಬಿಲ್ಲೆ.

ಅದನ್ನು ತಂದವನು ಪಕ್ಕದೂರಿನ ಸಿದ್ದಪ್ಪ. ಕರೆಪ್ಪಜ್ಜನ ಜೊತೆಗೇ ಬೆಳಗಾವಿಯ ಕ್ಯಾಂಪಿನಲ್ಲಿ ಪಲ್ಟನ್ ಸೇರಿದವನು, ಯುದ್ಧ ಮುಗಿದ ಮೇಲೆ ಒಬ್ಬನೇ ಬಂದ. ಹೊಳೆ ದಾಟುವಾಗ ಕರೆಪ್ಪ ಹೋದ, ಮೈ ಸಿಗಲಿಲ್ಲ ಎಂದು ಹೇಳಿ, ಅವನ ಕಂಬಳಿಯ ತುಂಡು ಮತ್ತು ತಂಬಾಕಿನ ಚೀಲ ಕೊಟ್ಟು ಹೋದ. ಚೀಲದೊಳಗೆ ಬಿಲ್ಲೆ ಇತ್ತು. ಸಿಪಾಯಿಗಳು ಕೊರಳಲ್ಲಿ ನಂಬರಿನ ಬಿಲ್ಲೆ ಹಾಕಿಕೊಳ್ಳುತ್ತಾರೆ ಅನ್ನುವುದು ಬೆಳಗಾವಿ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಸುಡಲು ಹೆಣವಿಲ್ಲ, ಟಾಕ ಮಾಡಿಸಲು ಬೆಳ್ಳಿಯಿಲ್ಲ. ಕರೆಪ್ಪಜ್ಜನ ಹೆಂಡತಿ ಆ ಬಿಲ್ಲೆಗೆ ಭಂಡಾರ, ಅಂದರೆ ದೇವರ ಅರಿಸಿನ, ಹಚ್ಚಿ ಜಗಲಿಯ ಮೇಲಿಟ್ಟಳು. ಉಳಿದ ಟಾಕಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು, ಇದನ್ನು ಮಾತ್ರ ತೊಳೆಯುವಂತಿರಲಿಲ್ಲ. ದಣಿದು ಬಂದವನ ಬೆವರು ಅದರಲ್ಲಿದೆ, ತೊಳೆದರೆ ಹೋಗುತ್ತದೆ ಎಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ಭರಮವ್ವ ಒಬ್ಬಳೇ ಮಗಳು. ಗಂಡ ಮನೆ ಅಳಿಯನಾಗಿ ಬಂದದ್ದರಿಂದ ಜಗಲಿ ಅವಳ ಪಾಲಿಗೇ ಉಳಿಯಿತು. ಹುಟ್ಟುವ ಮೊದಲೇ ಹೊರಟುಹೋಗಿದ್ದ ಅಪ್ಪನನ್ನು ಅವಳು ನೋಡಿದ್ದು ಹೀಗೆ, ಅರಿಸಿನ ಮೆತ್ತಿದ ಒಂದು ಗುಂಡನೆಯ ಉಬ್ಬಾಗಿ.

ಪ್ರತಿ ಅಮಾವಾಸ್ಯೆಗೆ ಅವನಿಗೊಂದು ತಾಟು. ರೊಟ್ಟಿ, ಪಲ್ಯ, ಒಂದು ತುಂಡು ಬೆಲ್ಲ. ಬಿಲ್ಲೆಯ ಮುಂದಿಟ್ಟು, ಕೈಮುಗಿದು, ಆ ತಾಟನ್ನು ಹೊರಗೆ ತಂದು ಕುರಿ ಕಾಯುವ ನಾಯಿಯ ಮುಂದೆ ಇಡಬೇಕು. ಮನೆಯಲ್ಲಿ ಸತ್ತವರ ಎಡೆ ಕಾಗೆಗೆ, ಹೊರಗೆ ಸತ್ತವನದು ನಾಯಿಗೆ. ಇದು ನಮ್ಮ ಮನೆಯ ಪದ್ಧತಿ. ಚಿಕ್ಕವಳಿದ್ದಾಗ ಕಾರಣ ಕೇಳಿದ್ದೆ. "ಕಾಗಿ ಊರ ಬಿಟ್ಟು ಎಲ್ಲಿ ಹೊಕ್ಕೈತಿ? ನಾಯಿ ವಾಸನಿ ಹಿಡಕೊಂಡು ಎಷ್ಟು ದೂರ ಇದ್ರೂ ಹುಡಿಕ್ಯಾಡತೈತಿ. ನಾಯಿ ಉಂಡ್ರ ಅವಗ ಮುಟ್ಟಿದಂಗ," ಎಂದಿದ್ದಳು ಆಯಿ. ಈಗಿನ ನಾಯಿ ಮೋತ್ಯಾ ಊಟದ ವಿಷಯದಲ್ಲಿ ಎಂದೂ ಹಿಂದೆ ಬಿದ್ದದ್ದಲ್ಲ. ಹೀಗಾಗಿ ನಮ್ಮ ಕರೆಪ್ಪಜ್ಜ ಉಪವಾಸ ಬಿದ್ದದ್ದೇ ಇಲ್ಲ ಎಂದು ಎಲ್ಲರೂ ನೆಮ್ಮದಿಯಾಗಿದ್ದೆವು.

ನಾನು ಪೂನಮ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಇಪ್ಪತ್ತನೆಯ ಶತಮಾನದ ಜಗತ್ತು ಎಂಬ ಪೇಪರು ನನ್ನ ಕೊರಳಿಗೆ ಬಿದ್ದಿದೆ. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಆಚೆ ರಷ್ಯಾ, ಈಚೆ ಅಮೆರಿಕ ಎಂದು ಬರೆದರೆ ಹುಡುಗರು ಗೆರೆಯನ್ನೂ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ನಾಜಿವಾದ, ಸಮತಾವಾದ, ಸಾಮ್ರಾಜ್ಯವಾದ ಎಲ್ಲವೂ ಐದೈದು ಪಾಯಿಂಟಿನಲ್ಲಿ ಬೇಕು ಅವರಿಗೆ. ಸತ್ತವರ ಸಂಖ್ಯೆ ಹೇಳಿದರೆ, ಇದು ಎಷ್ಟು ಮಾರ್ಕ್ಸಿಗೆ ಮೇಡಂ ಎನ್ನುತ್ತಾರೆ. ಬೈಯುತ್ತೇನೆ. ಬೈದು ಪಾಯಿಂಟೂ ಕೊಡುತ್ತೇನೆ.

ಕಳೆದ ದಸರಾಕ್ಕೆ ಊರಿಗೆ ಹೋದಾಗ ಬಿಲ್ಲೆಯ ದಾರ ಪೋಣಿಸುವ ಉಂಗುರ ಕಿತ್ತುಬಂದಿತ್ತು. ಆಯಿ ಅದನ್ನು ಅರಿವೆಯಲ್ಲಿ ಸುತ್ತಿ, ಬೆಸುಗೆ ಹಾಕಿಸಿಕೊಂಡು ಬಾ, ತೊಳಿಯಾಕ ಕೊಡಬ್ಯಾಡ ಎಂದು ನನ್ನ ಕೈಗೆ ಕೊಟ್ಟಳು. ಖಡೇಬಜಾರದ ಓಣಿಯೊಂದರಲ್ಲಿ ಬೆಸುಗೆಯ ಕೆಲಸ ಮಾಡುವ ಮುದಸ್ಸರನ ಅಂಗಡಿಗೆ ಒಯ್ದೆ. ಅವನು ನನ್ನ ಮಾತು ಪೂರ್ತಿ ಕೇಳುವ ಮೊದಲೇ ಬಿಲ್ಲೆಯನ್ನು ಯಾವುದೋ ನೀರಿನಲ್ಲಿ ಅದ್ದಿಬಿಟ್ಟ.

"ಅಯ್ಯ ತೊಳೀಬ್ಯಾಡ್ರಿ ಅಂದ್ನಲ್ಲರೀ!"

"ಹೊಲಸು ಹೋಗದ ಬೆಸುಗಿ ಕುಂದರಂಗಿಲ್ರೀ ಮೇಡಂ. ಇದು ಬೆಳ್ಳಿ ಅಲ್ರೀ, ಸತುವು," ಎಂದು ಚಿಮುಟಿಗೆಯಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದ.

ಎಂಬತ್ತು ವರ್ಷದ ಅರಿಸಿನ ಹೋಗಿತ್ತು. ಕೈಯಲ್ಲಿ ಬೂದು ಬಣ್ಣದ, ಮೊಟ್ಟೆಯಾಕಾರದ ತಗಡು. ನಡುವೆ ಅಡ್ಡಲಾಗಿ ಮೂರು ಸೀಳು. ಸೀಳಿನ ಮೇಲೊಂದು ಸಾಲು ಅಕ್ಷರ, ಅಂಕಿ. ಕೆಳಗೂ ಅದೇ ಸಾಲು. ಇದರ ಚಿತ್ರವನ್ನು ಪ್ರತಿ ವರ್ಷ ನಾನೇ ಕ್ಲಾಸಿನ ಗೋಡೆಯ ಮೇಲೆ ತೋರಿಸುತ್ತೇನೆ. ಇದು ನಮ್ಮ ಪಲ್ಟನಿನದಲ್ಲ. ಜರ್ಮನ್ ಸಿಪಾಯಿಯದು. ಅವನು ಸತ್ತರೆ ಸೀಳಿನಲ್ಲಿ ಮುರಿದು ಅರ್ಧ ಹೆಣದ ಜೊತೆ ಬಿಡುತ್ತಿದ್ದರು, ಅರ್ಧವನ್ನು ಅವನ ಕಡೆಯವರಿಗೆ ಸುದ್ದಿ ಹೇಳಲು ಒಯ್ಯುತ್ತಿದ್ದರು. ಇದನ್ನು ಯಾರೂ ಮುರಿದಿರಲಿಲ್ಲ. ಅಂದರೆ ಸುದ್ದಿ ಹೋಗಿರಲಿಲ್ಲ.

ಮುದಸ್ಸರನ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ಚಹಾ ತರಿಸಿದ. ನನಗೆ ಮೊದಲು ನೆನಪಾದದ್ದು ಆಯಿಯ ಕನಸು, ಯಾವ ಮಾತೂ ಬಾರದ, ಸಿಳ್ಳೆ ಮಾತ್ರ ಹಾಕುವ ಆ ಹುಡುಗ.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ತಿಳಿದುಕೊಳ್ಳುವ ಚಟ ಯಾರನ್ನು ಬಿಟ್ಟಿದೆ? ಬಿಲ್ಲೆಯ ಫೋಟೋ ತೆಗೆದು ಜರ್ಮನಿಯಲ್ಲಿ ಇಂಥ ಲೆಕ್ಕ ಇಡುವ ಕಚೇರಿಗೆ ಕಳಿಸಿದೆ. ಅಲ್ಲಿಯ ತನಕ ಬೆಸುಗೆ ಆಗಿಲ್ಲ ಎಂದು ಆಯಿಗೆ ನೆಪ ಹೇಳುತ್ತಾ ಬಂದೆ; ಅವಳು ಅಮಾವಾಸ್ಯೆಗೆ ಖಾಲಿ ಜಾಗದ ಮುಂದೆಯೇ ತಾಟು ಇಟ್ಟಳು, ಹುಡುಗ ತಪ್ಪದೆ ಕನಸಿಗೆ ಬಂದನಂತೆ. ಸಂಕ್ರಾಂತಿ ಕಳೆದ ಮೇಲೆ ಉತ್ತರ ಬಂತು, ಅದರ ಹಿಂದೆಯೇ ಒಬ್ಬ ಹುಡುಗಿಯ ಮೇಲ್. ಬಿಲ್ಲೆ ಅವಳ ಅಜ್ಜಿಯ ಅಣ್ಣನದು. ಹೆಸರು ಎಮಿಲ್, ಹತ್ತೊಂಬತ್ತು ವಯಸ್ಸು, ಇಟಲಿಯಲ್ಲಿ ಕಾಣೆಯಾದವನು. ಯುದ್ಧದ ನಂತರ ಅವರ ಊರು ರಷ್ಯಾದ ಪಾಲಿಗೆ ಬಿತ್ತು. ಕಾಣೆಯಾದವರ ಲೆಕ್ಕ ಇದ್ದದ್ದು ಅಮೆರಿಕದ ಕಡೆಯ ಪಾಲಿನಲ್ಲಿ. ನಡುವೆ ಗೋಡೆ ಎದ್ದಿತು. ಕೇಳುವುದೂ ತಪ್ಪೆನ್ನುವ ಕಾಲ ಅದು. ಗೋಡೆ ಬಿದ್ದ ಮೇಲೆ ಕೇಳಿದರೆ, ಗೊತ್ತಿಲ್ಲ ಎಂಬ ಉತ್ತರ. ಅಜ್ಜಿ ಹೆಡ್ವಿಗ್‌ಗೆ ಈಗ ತೊಂಬತ್ತು, ಕಣ್ಣು ಮಂಜು. ಆ ಬಿಲ್ಲೆಯನ್ನು ಅವಳ ಕೈಗೆ ಒಮ್ಮೆ ಕೊಡಲು ಆಗುತ್ತದೆಯೇ, ಎಂದು ಹುಡುಗಿ ಕೇಳಿದ್ದಳು.

ನಾನು ಪ್ರತಿ ವರ್ಷ ಹಲಗೆಯ ಮೇಲೆ ಎಳೆಯುವ ಗೆರೆ ಒಬ್ಬಳ ಅಂಗಳದಲ್ಲಿ ಹಾದುಹೋಗಿತ್ತು. ಮರುದಿನ ಆ ಪಾಠ ಮಾಡುವಾಗ ಗೆರೆ ಎಳೆಯಲು ಕೈ ಬರಲಿಲ್ಲ, ಹುಡುಗರು ಕಾಯುತ್ತಾ ಕೂತರು.

ನಮ್ಮಪ್ಪ ರಾಮಲಿಂಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮರಳಿನ ಅಚ್ಚು ಮಾಡುವವನು. ಎಲ್ಲವನ್ನೂ ಕೇಳಿ ಬಹಳ ಹೊತ್ತು ಗಲ್ಲ ಕೆರೆದುಕೊಂಡ.

"ಅರ್ಧಾ ಮುರದು ಕಳಸಿದ್ರ?" ಎಂದ.

"ಒಡದದ್ದು ಜಗಲಿ ಮ್ಯಾಲೆ ಇಡ್ತಾಳೇನು ಆಯಿ?"

"ಅದೂ ಖರೇನ ಬಿಡು. ಹಂಗಾದ್ರ ಹಿಂಗ ಮಾಡೂಣು. ಇದನ್ನ ಮರಳಿನ್ಯಾಗ ಒತ್ತಿ ಇಂಥಾದ ಇನ್ನೊಂದು ಎರಕ ಹೊಯ್ತೀನಿ. ಮ್ಯಾಲೆ ಭಂಡಾರ ಹಚ್ಚಿದ್ರ ಆತು. ಇದು ಅವರಿಗೆ ಹೋಗ್ಲಿ, ಅದು ಅವ್ವಗ ಇರ್ಲಿ. ಇವ ನಿಮ್ಮಪ್ಪ ಅಲ್ಲಂತ ಈ ವಯಸ್ಸಿನ್ಯಾಗ ಆಕಿಗೆ ಹೇಳಾಕ ನನ್ನ ಕೈಲಿ ಆಗಂಗಿಲ್ಲವಾ."

ನನ್ನ ಕೈಲೂ ಆಗುತ್ತಿರಲಿಲ್ಲ. ಒಪ್ಪಿದೆ. ಅಪ್ಪನ ಎರಕ ಚೆನ್ನಾಗಿಯೇ ಬಂತು. ಅಕ್ಷರದ ಅಂಚು ಸ್ವಲ್ಪ ಮೊಂಡು, ಸೀಳುಗಳು ಮುಚ್ಚಿಕೊಂಡಿದ್ದವು, ಅಷ್ಟೇ. ಆ ವಾರವೇ, ಪಾಠವಿಲ್ಲದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಮೇಜಿಗೆ ತಲೆಯಿಟ್ಟು ತೂಕಡಿಸುತ್ತಿದ್ದಾಗ ನನಗೂ ಒಂದು ಕನಸು ಬಿತ್ತು. ನಾನು ಯುದ್ಧದ ಕಾರಣಗಳನ್ನು ಹೇಳುತ್ತಿದ್ದೇನೆ. ಕಿಟಕಿಯಿಂದ ಕುರಿಗಳು ಒಂದೊಂದಾಗಿ ಒಳಗೆ ಬಂದು ಬೆಂಚಿನ ನಡುವೆ ನಿಲ್ಲುತ್ತಿವೆ. ಹಿಂದಿನ ಬೆಂಚಿನಲ್ಲಿ ಬೂಟು ಮಡಿಲಲ್ಲಿಟ್ಟುಕೊಂಡ ಹುಡುಗ ಕೈ ಎತ್ತಿದ. ಇಷ್ಟು ವರ್ಷ ನಮ್ಮ ರೊಟ್ಟಿ ತಿಂದವನಲ್ಲವೇ, ಅಚ್ಚ ನಮ್ಮ ಮಾತಿನಲ್ಲಿ, "ನಾ ಮನಿಗೆ ಹೋಗ್ಲೇನ್ರೀ ಮೇಡಂ?" ಎಂದು ಕೇಳಿದ. ಎಚ್ಚರಾದಾಗ ನನ್ನ ಕೆನ್ನೆಗೆ ಸೀಮೆಸುಣ್ಣದ ಪುಡಿ ಹತ್ತಿತ್ತು.

ಅಮಾವಾಸ್ಯೆಯ ದಿನ ಹೊಸ ಬಿಲ್ಲೆಗೆ ಅರಿಸಿನ ಮೆತ್ತಿ ಊರಿಗೆ ಒಯ್ದೆ. ಹಳೆಯದು ಪರ್ಸಿನಲ್ಲಿತ್ತು. ಖಾನಾಪುರ ದಾಟಿದ ಮೇಲೆ ಬಸ್ಸಿನಲ್ಲಿ ನಾನೊಬ್ಬಳೇ ಎಂಬಷ್ಟು ಖಾಲಿ. ಮಂಜಿನಲ್ಲಿ ಮರಗಳು ನಿಂತಲ್ಲೇ ನಿದ್ದೆ ಮಾಡುತ್ತಿದ್ದವು. ಪರ್ಸನ್ನು ಎದೆಗವಚಿಕೊಂಡು ಕೂತಿದ್ದೆ.

ಆಯಿ ಹೊಸ ಬಿಲ್ಲೆಯನ್ನು ಬೆರಳಲ್ಲಿ ಒಮ್ಮೆ ಸವರಿ ಜಗಲಿಯ ಮೇಲಿಟ್ಟಳು. ತಾಟು ಇಟ್ಟಳು. ಮೋತ್ಯಾ ಉಂಡಿತು. ನಾವೂ ಉಂಡೆವು. ಮೋಸ ಇಷ್ಟು ಸಲೀಸಾಗಿ ಸಾಗುತ್ತದೆಯೇ ಎಂದು ನನಗೇ ಕಸಿವಿಸಿಯಾಯಿತು. ಆಯಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಾನು ಎದುರಿಗೆ ಅವರೆಕಾಯಿ ಸುಲಿಯುತ್ತಾ ಕೂತೆ. ಬಿಸಿಲು ಹೊಸ್ತಿಲ ತನಕ ಬಂದು ಹಿಂದೆ ಸರಿಯುವ ಹೊತ್ತಿಗೆ ಅವಳು ಕಣ್ಣು ತೆರೆದಳು.

"ಇವತ್ತ ಹುಡುಗ ಬರಲಿಲ್ಲ," ಎಂದಳು.

ನಾನು ಇನ್ನೊಂದು ಅವರೆಕಾಯಿ ಸುಲಿದೆ.

"ಅಮಾಸಿ ದಿನ ಎಂದೂ ತಪ್ಪಿಸಿದಾವಲ್ಲ. ದಿಬ್ಬದ ಮ್ಯಾಲೆ ಬರೇ ಕುರಿ ಇದ್ದೂ. ಪೂನಮಾ, ಅವನ್ನ ಎಲ್ಲಿ ಬಿಟ್ಟು ಬಂದಿ?"

ಪರ್ಸಿನಿಂದ ಹಳೆಯ ಬಿಲ್ಲೆ ತೆಗೆದು ಅವಳ ಅಂಗೈಯಲ್ಲಿಟ್ಟೆ. ಎಲ್ಲಾ ಹೇಳಿದೆ. ಮುದಸ್ಸರನ ಅಂಗಡಿ, ಎಮಿಲ್, ಗೋಡೆ, ಹೆಡ್ವಿಗ್, ಅಪ್ಪನ ಎರಕ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಆಯಿ ಅಳಲಿಲ್ಲ. ಹೆಬ್ಬೆರಳಿನಿಂದ ಆ ಮೂರು ಸೀಳುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು.

"ಇವ ನಮ್ಮಪ್ಪ ಅಲ್ಲ."

"ಅಲ್ಲ ಆಯಿ."

"ನಮ್ಮಪ್ಪ ಇವನ್ನ ಕೊಂದಾನೇನು?"

"ಗೊತ್ತಿಲ್ಲ. ಕೊಂದಿರಬಹುದು. ಸತ್ತು ಬಿದ್ದಾವನ ಕೊರಳಾಗಿಂದು ತಗೊಂಡಿರಬಹುದು. ಹೇಳಾವ್ರು ಯಾರೂ ಉಳದಿಲ್ಲ."

"ಏನು ಸಲುವಾಗಿ ಬಡದಾಡಿದ್ರು ಅವರು?"

ನಾನು ಶುರು ಮಾಡಿದೆ. ಅಲ್ಲೊಬ್ಬ ಸರ್ವಾಧಿಕಾರಿ, ನಮ್ಮನ್ನಾಳುವ ಇಂಗ್ಲಿಷರು, ಅವರ ಸಾಮ್ರಾಜ್ಯ. ಮೂರನೆಯ ಪಾಯಿಂಟಿಗೆ ಬರುವಷ್ಟರಲ್ಲಿ ನನಗೇ ನಾಚಿಕೆಯಾಗಿ ನಿಲ್ಲಿಸಿದೆ. ಆಯಿ ಕೇಳುತ್ತಲೂ ಇರಲಿಲ್ಲ. ಅವಳು ಜಗಲಿಯ ಕಡೆ ನೋಡುತ್ತಿದ್ದಳು.

"ಅಂದ್ರ ಇಷ್ಟು ವರ್ಷ ಉಂಡಾವ ಇವ."

"ಹೂಂ."

"ಮತ್ತ ನಮ್ಮಪ್ಪ? ಅವ ಉಪಾಸ ಅದಾನೇನು ಪೂನಮಾ?"

ಅವಳ ಮೊಣಕಾಲಿಗೆ ತಲೆಯಿಟ್ಟು ಕೂತೆ. ಆಯಿ ಸಂಜೆ ರೊಟ್ಟಿ ಮುಟ್ಟಲಿಲ್ಲ. ದೊಡ್ಡಪ್ಪ ನನ್ನನ್ನು ಚೆನ್ನಾಗಿ ಬೈದ. ಓದಿದವರಿಗೆ ಸುಮ್ಮನಿರಾಕ ಬರಂಗಿಲ್ಲ ಎಂದ.

ಬೆಳಿಗ್ಗೆ ಮಂಜು ಇನ್ನೂ ಅಂಗಳದಲ್ಲೇ ಇತ್ತು. ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಆಕಿಗೆ ತೊಂಬತ್ತಂತಿಲ್ಲ?" ಎಂದಳು, ನನ್ನ ಕಡೆ ತಿರುಗದೆ. "ನಾ ಅಪ್ಪನ್ನ ನೋಡೇ ಇಲ್ಲ. ಆಕಿ ಅಣ್ಣನ್ನ ನೋಡ್ಯಾಳ, ಅವನ ಜೋಡಿ ಆಡ್ಯಾಳ. ಆಕಿ ದುಃಖ ದೊಡ್ಡದು. ಕಳಸಿಬಿಡು."

ಎಮಿಲ್‌ನನ್ನು ಸುಮ್ಮನೆ ಕಳಿಸಲಿಲ್ಲ ಆಯಿ. ಎರಡು ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಸೇರಿಸಿ ಬುತ್ತಿ ಕಟ್ಟಿದಳು. ನನ್ನ ತೋಳು ಹಿಡಿದು ಊರ ಸೀಮೆಯ ದಿಬ್ಬದ ತನಕ ನಡೆದಳು. ಮೋತ್ಯಾ ಹಿಂದೆ ಬಂತು. ಮಂಜಿನಲ್ಲಿ ದೊಡ್ಡಪ್ಪನ ಕುರಿಗಳು ಅರ್ಧ ಕಾಣುತ್ತಿದ್ದವು, ಅರ್ಧ ಇಲ್ಲ. ಆಯಿ ಬಿಲ್ಲೆಗೆ ಭಂಡಾರ ಹಚ್ಚಿ, ಅಂಗೈ ಮೇಲಿಟ್ಟು, "ಹುಷಾರಿಂದ ಹೋಗಪಾ. ನಿಮ್ಮ ತಂಗಿ ಕಾಯಾಕತ್ಯಾಳ. ನಮ್ಮ ಮನ್ಯಾಗ ಉಂಡೀದಿ, ಹಾದಿ ನೆಪ್ಪಿಟ್ಕೋ," ಎಂದಳು. ಆಮೇಲೆ ಹಲ್ಲಿಲ್ಲದ ಬಾಯಿಯಿಂದ ಸಿಳ್ಳೆ ಹಾಕಿದಳು. ಗಾಳಿಯಷ್ಟೇ ಬಂತು. ಆದರೂ ಕುರಿಗಳು ತಲೆಯೆತ್ತಿ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ.

ಬುತ್ತಿಯನ್ನು ಮೋತ್ಯಾನ ಮುಂದೆ ಬಿಚ್ಚಿದೆವು. ಬಿಲ್ಲೆ ನನ್ನ ಪರ್ಸಿಗೆ ಬಂತು.

"ರಾಮಲಿಂಗ ಮಾಡಿದ್ದು ಜಗಲಿ ಮ್ಯಾಲೆ ಇರ್ಲಿ," ಎಂದಳು ಆಯಿ, ವಾಪಸು ಬರುವಾಗ. "ಮೊಮ್ಮಗನ ಕೈಯಾನ ಕೆಲಸ. ನಮ್ಮಪ್ಪನ್ನ ಅದರಾಗ ಕರೀತೀನಿ. ಬರ್ತಾನೋ ಇಲ್ಲೋ. ಇಷ್ಟು ವರ್ಷ ಹಸದಾವ, ಸಿಟ್ಟಿನ್ಯಾಗ ಇರ್ತಾನ." ಸ್ವಲ್ಪ ದೂರ ನಡೆದು ನಿಂತಳು. "ಆಕಿಗೊಂದು ಮಾತು ಕೇಳು. ನಮ್ಮ ಹುಡುಗ ಆ ಕಡಿಗೆ ಬಂದಿದ್ದನೇನು, ಯಾರರೆ ಅವಗ ಒಂದು ತುತ್ತು ಹಾಕಿದ್ರೇನು ಅಂತ."

ಇಂಥ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ? ಬಿಲ್ಲೆಯ ಜೊತೆ ಏನೋ ಒಂದು ಬರೆದು ಹಾಕಿದೆ. ನಗುತ್ತಾರೆ ಅಂದುಕೊಂಡಿದ್ದೆ.

ಯುಗಾದಿಯ ಹೊತ್ತಿಗೆ ಉತ್ತರ ಬಂತು. ಫೋಟೋದಲ್ಲಿ ಸುಕ್ಕುಗಟ್ಟಿದ ಎರಡು ಕೈ, ನಡುವೆ ಬಿಲ್ಲೆ. ಹೆಡ್ವಿಗ್ ಅದನ್ನು ತೊಳೆಯಲು ಬಿಟ್ಟಿಲ್ಲವಂತೆ, ಅರಿಸಿನ ಹಾಗೆಯೇ ಇದೆ. ನಾನು ಊರಿಗೆ ಹೋಗಿ ಆಯಿಯ ಪಕ್ಕ ಕೂತು ಓದಿ ಹೇಳಿದೆ. ಕರೆಪ್ಪ ಎಂಬವರು ಯಾರೂ ಬಂದಿರಲಿಲ್ಲ, ಎಂದು ಆ ಹುಡುಗಿ ಬರೆದಿದ್ದಳು. ಆದರೆ ಎಮಿಲ್ ಯುದ್ಧಕ್ಕೆ ಹೋದ ವರ್ಷದಿಂದ ಅವನ ತಾಯಿ ಪ್ರತಿ ಕ್ರಿಸ್‌ಮಸ್ಸಿಗೆ ಮೇಜಿನ ಮೇಲೆ ಹೆಚ್ಚಿನದೊಂದು ತಾಟು ಇಟ್ಟು ಬಡಿಸುತ್ತಿದ್ದಳು, ಕಿಟಕಿಯ ಪಕ್ಕ. ಬರುವವನು ಹಸಿದು ಬರುತ್ತಾನೆ ಎಂದು. ತಾಯಿ ಸತ್ತ ಮೇಲೆ ಹೆಡ್ವಿಗ್ ಇಡುತ್ತಾ ಬಂದಳು.

"ಏನು ಬಡಸ್ತಿದ್ರಂತ?"

"ಆಲೂಗಡ್ಡಿ. ಮೀನು."

ಆಯಿ ಯೋಚನೆಗೆ ಬಿದ್ದಳು. "ಆ ಹುಡುಗ ಇಲ್ಲಿ ನಮ್ಮ ಮನ್ಯಾಗ ಉಣ್ಣಾಕತ್ತಿದ್ದ. ಅಲ್ಲಿ ತಾಟು ಖಾಲಿ ಕುಂತಿತ್ತು," ಎಂದಳು. ಮತ್ತೆ ಕೇಳಿದಳು, "ಎಲ್ಲಾರದೂ ಊಟ ಆದಮ್ಯಾಲೆ ಆ ತಾಟು ಏನು ಮಾಡ್ತಿದ್ರಂತ?"

ಪತ್ರದ ಕೊನೆಯ ಸಾಲನ್ನು ನಾನು ಬೇಕೆಂದೇ ಓದಿರಲಿಲ್ಲ. ಅಷ್ಟು ದೂರದ ಮನೆಯ ಅಷ್ಟು ವರ್ಷದ ದುಃಖ ಹೀಗೆ ಮುಗಿಯುತ್ತಿತ್ತು ಎಂದು ಹೇಳಲು ನನಗೇ ಕೆಡುಕೆನಿಸಿತ್ತು. ಆದರೆ ಆಯಿಗೆ ಮತ್ತೊಮ್ಮೆ ಮುಚ್ಚಿಡಲು ಮನಸ್ಸಾಗಲಿಲ್ಲ.

"ನಾಯಿಗೆ ಹಾಕ್ತಿದ್ರಂತ, ಆಯಿ."

ಅವಳು ನೆಟ್ಟಗೆ ಕೂತಳು.

"ನಾಯಿಗೆ?"

"ಹೂಂ. ಅವರ ಮನಿ ನಾಯಿಗೆ."

"ಉಣತಿತ್ತಂತೇನು?"

"ತಾಟು ನೆಕ್ಕಿ ಇಡತಿತ್ತಂತ."

ಆಯಿ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು. ಅಮಾವಾಸ್ಯೆಯ ದಿನ ಬಾರದಿದ್ದ ಅಳು ಈಗ ಬಂತು. ಹೊರಗೆ ಮೋತ್ಯಾ ಬಾಲ ಬಡಿಯುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೊರಗಿ, ನಿದ್ದೆಗೆ ಜಾರುವ ಮೊದಲು ಜಗಲಿಯ ಕಡೆ ನೋಡಿ ಹೇಳಿದಳು:

"ಮೀನು ತಿಂದು ಹೊಟ್ಟಿ ತುಂಬಿಸ್ಯಾನ ನೋಡು ನಮ್ಮಪ್ಪ."